ಪದಚರ್ಚೆ: ಸದನದ ‘ಸೆನ್ಶರ್’ ವಾಗ್ದಂಡನೆಯೋ, ಛೀಮಾರಿಯೋ?

ಮಿತ್ರರೇ,

ನ್ಯೂಯಾರ್ಕಿನ ಹಾರ್ಲೆಮ್ ಪ್ರದೇಶದಿಂದ ಆರಿಸಿಬಂದು 46 ವರ್ಷ ಅಮೆರಿಕ ಸಂಸತ್ತಿನ ಕೆಳಮನೆಯಲ್ಲಿದ್ದ ಚಾರ್ಲ್ಸ್ ರ‍್ಯಾಂಗೆಲ್ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. 2025ರ ಮೇ ತಿಂಗಳಲ್ಲಿ, 94ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಓದು ಅರ್ಧಕ್ಕೆ ಬಿಟ್ಟ ಹುಡುಗ ಕೊರಿಯಾ ಯುದ್ಧದಲ್ಲಿ ಗಾಯಗೊಂಡು ಬಂದು, ಮತ್ತೆ ಓದಿ ವಕೀಲನಾದದ್ದು, 1970ರಲ್ಲಿ ಆಡಮ್ ಕ್ಲೇಟನ್ ಪೊವೆಲ್ ಅವರಂಥ ಘಟಾನುಘಟಿಯನ್ನು ಪಕ್ಷದೊಳಗಿನ ಚುನಾವಣೆಯಲ್ಲೇ ಸೋಲಿಸಿದ್ದು, 2007ರಲ್ಲಿ ತೆರಿಗೆ ಕಾನೂನು ರೂಪಿಸುವ ವೇಸ್ ಅಂಡ್ ಮೀನ್ಸ್ ಸಮಿತಿಗೆ ಕಪ್ಪು ಜನಾಂಗದ ಮೊದಲ ಅಧ್ಯಕ್ಷರಾದದ್ದು, ಇವೆಲ್ಲ ಕನ್ನಡಕ್ಕೆ ಸಲೀಸಾಗಿ ಬಂದವು. 2010ರ ಡಿಸೆಂಬರ್ 2ರ ಹತ್ತಿರ ಬಂದು ಪೆನ್ನು ನಿಂತಿದೆ.

ಡೊಮಿನಿಕನ್ ರಿಪಬ್ಲಿಕ್‌ನಲ್ಲಿದ್ದ ಮನೆಯ ಬಾಡಿಗೆಗೆ ತೆರಿಗೆ ಕಟ್ಟದ್ದು, ಸಂಸತ್ತಿನ ಲೆಟರ್‌ಹೆಡ್ಡಿನಲ್ಲಿ ದೇಣಿಗೆ ಕೇಳಿದ್ದು ಸೇರಿದಂತೆ 11 ಆರೋಪಗಳು ನೈತಿಕ ಸಮಿತಿಯಲ್ಲಿ ಸಾಬೀತಾಗಿದ್ದವು. ಸದನ 333–79 ಮತಗಳಿಂದ ಅವರನ್ನು ‘ಸೆನ್ಶರ್’ (censure) ಮಾಡಿತು, ಎಂದರೆ ನಿರ್ಣಯ ಮಾಡಿ ಎಲ್ಲರೆದುರು ಮಾತಿನಲ್ಲೇ ದಂಡಿಸಿತು. ಎಂಬತ್ತು ವರ್ಷದ ಹಿರಿಯ ಪೀಠದ ಮುಂದಿನ ಬಾವಿಯಲ್ಲಿ ಬಂದು ನಿಂತರು. ಅವರದೇ ಪಕ್ಷದ ಸ್ಪೀಕರ್ ನ್ಯಾನ್ಸಿ ಪೆಲೊಸಿ ನಿರ್ಣಯ ಓದಿದರು. ಶಿಕ್ಷೆ ಅಷ್ಟೇ, ಸದಸ್ಯತ್ವಕ್ಕೆ ಧಕ್ಕೆಯಿಲ್ಲ. ನಮ್ಮ ಶಾಸಕರು ಬಾವಿಗಿಳಿಯುವುದು ಧರಣಿಗೆ. ಅವತ್ತು ರ‍್ಯಾಂಗೆಲ್ ಅವರಿಗೆ ಬಾವಿಯೇ ಕಟಕಟೆಯಾಯಿತು.

ಮಾತಿನಿಂದಲೇ ದಂಡಿಸುವುದಾದ್ದರಿಂದ ‘ವಾಗ್ದಂಡನೆ’ ಹೇಳಿ ಮಾಡಿಸಿದಂತಿದೆ. ಆದರೆ ಅದನ್ನು ಪತ್ರಿಕೆಗಳು ಆಗಲೇ ‘ಇಂಪೀಚ್‌ಮೆಂಟ್’ಗೆ ಕೊಟ್ಟುಬಿಟ್ಟಿವೆ. ಅಧ್ಯಕ್ಷರನ್ನೋ ನ್ಯಾಯಾಧೀಶರನ್ನೋ ಹುದ್ದೆಯಿಂದ ಇಳಿಸಲು ಹೊರಡುವ ಆ ಪ್ರಕ್ರಿಯೆ ಬರೀ ಮಾತಿನದ್ದಲ್ಲ. ರ‍್ಯಾಂಗೆಲ್ ಅವರಿಗೆ ವಾಗ್ದಂಡನೆಯಾಯಿತು ಎಂದು ಬರೆದರೆ ಓದುಗರು ಅವರ ಸ್ಥಾನ ಹೋಯಿತೆಂದುಕೊಳ್ಳುತ್ತಾರೆ. ಅವರು 2012ರಲ್ಲೂ 2014ರಲ್ಲೂ ಗೆದ್ದವರು, ಅವರಿಗೆ ಆ ಅನ್ಯಾಯ ಆಗಬಾರದು. ‘ಖಂಡನೆ’ ಸಪ್ಪೆ, ದಿನಬೆಳಗಾದರೆ ಎಲ್ಲರೂ ಎಲ್ಲವನ್ನೂ ಖಂಡಿಸುತ್ತಿರುತ್ತಾರೆ. ಇಂಗ್ಲಿಷ್ ಪದವನ್ನೇ ಇಟ್ಟರೆ ಸಿನಿಮಾ ಸೆನ್ಸಾರ್ ಎಂದೇ ಓದಿಕೊಳ್ಳುತ್ತಾರೆ.

ಇನ್ನೊಂದು ತೊಡಕೂ ಇದೆ. ಶಿಕ್ಷೆಯನ್ನು ಒಂದು ಮೆಟ್ಟಿಲು ಇಳಿಸಿ ‘ರೆಪ್ರಿಮಾಂಡ್’ ಸಾಕು ಎಂಬ ತಿದ್ದುಪಡಿ ಅವತ್ತೇ ಬಿದ್ದುಹೋಯಿತು. ಅದರಲ್ಲಿ ಬಾವಿಯಲ್ಲಿ ನಿಲ್ಲಬೇಕಿಲ್ಲ. ಹಾಗಾಗಿ ಒಂದೇ ಪ್ಯಾರಾದಲ್ಲಿ ಹಗುರದ್ದೊಂದು, ಭಾರದ್ದೊಂದು, ಎರಡು ಪದ ಬೇಕು.

ಧರ್ಮಶಾಸ್ತ್ರದ ದಂಡಗಳ ಸಾಲು ನೆನಪಾಯಿತು: ಮೊದಲು ವಾಗ್ದಂಡ, ಆಮೇಲೆ ಧಿಗ್ದಂಡ, ಧನದಂಡ, ಕೊನೆಗೆ ವಧದಂಡ. ಮೊದಲೆರಡೂ ಮಾತಿನವೇ, ಆದರೂ ನಡುವೆ ಒಂದು ಮೆಟ್ಟಿಲಿದೆ. ಸಂಸ್ಕೃತದ ‘ಧಿಕ್’ ಎಂದರೆ ನಮ್ಮ ‘ಛೀ’. ಆ ಲೆಕ್ಕದಲ್ಲಿ ರೆಪ್ರಿಮಾಂಡ್‌ಗೆ ‘ಎಚ್ಚರಿಕೆ’ ಅಥವಾ ‘ಆಕ್ಷೇಪಣೆ’, ಸೆನ್ಶರ್‌ಗೆ ‘ಛೀಮಾರಿ’ ಎಂದಿಟ್ಟುಕೊಂಡಿದ್ದೇನೆ. ಅವಮಾನದ ಬಿಸಿ ಛೀಮಾರಿಯಲ್ಲಿ ಮಾತ್ರ ಉಳಿದಿದೆ ಎಂದು ನನಗನ್ನಿಸುತ್ತದೆ. ಅಳುಕೆಂದರೆ, ಹೈಕೋರ್ಟ್ ಅಧಿಕಾರಿಗಳನ್ನು ಗದರಿದ ಸುದ್ದಿಯಲ್ಲೂ ಇದೇ ಪದ. ಅಲ್ಲಿ ಮತದಾನವಿಲ್ಲ, ನಿರ್ಣಯವಿಲ್ಲ. ‘ಛೀಮಾರಿ ನಿರ್ಣಯ’ ಎಂದು ಜೋಡಿಸಿದರೆ ಗೊಂದಲ ಕಳೆಯಬಹುದೇ?

ಕ್ರಿಯಾಪದದ್ದೂ ಒಂದು ಸಂದೇಹ. ‘ಸದನ ಛೀಮಾರಿ ಹಾಕಿತು’ ಸರಿ. ರ‍್ಯಾಂಗೆಲ್ ಕಡೆಯಿಂದ ಹೇಳುವಾಗ ‘ಹಾಕಿಸಿಕೊಂಡರು’ ಎಂದರೆ ತಾವೇ ಕೇಳಿ ಪಡೆದಂತೆ, ‘ಒಳಗಾದರು’ ಎಂದರೆ ಕಾಯಿಲೆ ಬಂದಂತೆ ಕೇಳುತ್ತದೆ. ವಿಧಾನಸಭೆಯ ಕಲಾಪ, ನಡಾವಳಿಯ ಕನ್ನಡದಲ್ಲಿ ಪಳಗಿದವರು ಏನು ಬರೆಯುತ್ತೀರಿ?