ಅಜ್ಜಿಮನೆಯ ಪಟ್ಟಾಭಿಷೇಕದ ಪಟ ಹಳೇ ಕಲ್ಲಚ್ಚಿನದಾ, ಕ್ಯಾಲೆಂಡರಿನದಾ?

ಮಲ್ನಾಡ್ ಹುಡುಗಿ:
ತೀರ್ಥಹಳ್ಳಿ ಹತ್ರ ನಮ್ಮ ಅಜ್ಜಿಮನೆ. ದೇವರ ಕೋಣೆಯಲ್ಲಿ ಶ್ರೀರಾಮ ಪಟ್ಟಾಭಿಷೇಕದ ಪಟ ಇದೆ, ಅಜ್ಜಿ ಮದುವೆಯಾಗಿ ಬಂದಾಗಲೇ ಗೋಡೆ ಮೇಲಿತ್ತಂತೆ. ರಾಮಾಯಣ ಪಾರಾಯಣ ಮುಗಿಯುವ ದಿನ ಅದನ್ನು ಇಳಿಸಿ, ಒರೆಸಿ, ಹೂವಿಟ್ಟು ಪೂಜೆ ಮಾಡುತ್ತಿದ್ದರು. ಈಗ ಮನೆ ರಿಪೇರಿ ನಡೀತಿದೆ, ಪಟ ನನ್ನ ಕೈಗೆ ಬಂದಿದೆ. ಸೀತೆಯ ಸೀರೆಗೆ ಯಾರೋ ಜರಿ, ಚಮಕಿ ಅಂಟಿಸಿದ್ದಾರೆ. ಕೆಳಗಿನ ಅಂಚು ಚೌಕಟ್ಟಿನೊಳಗೆ ಮುಚ್ಚಿಹೋಗಿದೆ. ರವಿವರ್ಮ ಪ್ರೆಸ್ಸಿನದು ಅಂತಾರೆ ಮಾವ, ಕ್ಯಾಲೆಂಡರ್ ಪಟ ಅಂತಾರೆ ಚಿಕ್ಕಮ್ಮ. ಹೇಗೆ ಗೊತ್ತು ಮಾಡಿಕೊಳ್ಳೋದು? ಚಮಕಿ ತೆಗೆಸಬೇಕಾ?

ಅಚ್ಚುಮನೆ:
ಒಂದು ಭೂತಗನ್ನಡಿ ಹಿಡಿದು ರಾಮನ ಕೆನ್ನೆ ನೋಡಿ. ಒಂದೇ ಅಂತರದಲ್ಲಿ ಸಾಲಾಗಿ ಚುಕ್ಕೆಗಳಿದ್ದು, ಸಣ್ಣ ಸಣ್ಣ ಹೂವಿನಂತೆ ಕೂಡಿಕೊಂಡಿದ್ದರೆ ಅದು ಆಫ್‌ಸೆಟ್, ಅಂದರೆ ಫೋಟೋ ತೆಗೆದು ಯಂತ್ರದಲ್ಲಿ ಮಾಡಿದ ಅಚ್ಚು, ಆಮೇಲಿನ ಕಾಲದ್ದು. ಚುಕ್ಕೆ ಹಿರಿದು ಕಿರಿದಾಗಿ, ಕೈಯಲ್ಲಿ ಇಟ್ಟ ಹಾಗೆ ಚೆದುರಿದ್ದರೆ ಕಲ್ಲಚ್ಚು. ಅಲ್ಲಿ ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲು, ಕುಶಲಕರ್ಮಿ ಕೂತು ಕೈಯಿಂದಲೇ ಕಲ್ಲಿನ ಮೇಲೆ ಬರೆಯಬೇಕಿತ್ತು, ಎಷ್ಟು ಬಣ್ಣವೋ ಅಷ್ಟು ಸಲ ಅದೇ ಹಾಳೆ ಯಂತ್ರಕ್ಕೆ ಹೋಗಿ ಬರಬೇಕಿತ್ತು. ಒಂದು ಕೂದಲೆಳೆ ಜರುಗಿದರೂ ಅಂಚಿನಲ್ಲಿ ಬಣ್ಣ ಇಣುಕುತ್ತದೆ, ಅದನ್ನೂ ಹುಡುಕಿ.

ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಪ್ರೆಸ್ ಶುರು ಮಾಡಿದರು. ಆಮೇಲೆ ಅದು ಲೋಣಾವಳ ಹತ್ರದ ಮಳವಲಿಗೆ ಹೋಯಿತು, ಜರ್ಮನಿಯ ಫ್ರಿಟ್ಜ್ ಷ್ಲೈಕರ್ ಕೊಂಡುಕೊಂಡರು. ರವಿವರ್ಮ 1906ರಲ್ಲಿ ತೀರಿಕೊಂಡ ಮೇಲೂ ಪ್ರೆಸ್ ಬಹಳ ವರ್ಷ ನಡೆಯಿತು. ಹಾಗಾಗಿ ಕೆಳಗೆ ಪ್ರೆಸ್ಸಿನ ಹೆಸರಿದ್ದ ಮಾತ್ರಕ್ಕೆ ಚಿತ್ರ ಬರೆದವರು ಅವರೇ ಅಂತ ಆಗೋದಿಲ್ಲ.

ಹಳೇಪಟ ಪ್ರೇಮಿ:
ಚಮಕಿ ಮಾತ್ರ ದಯವಿಟ್ಟು ಮುಟ್ಟಬೇಡಿ! ಅಚ್ಚಿನ ಪಟಕ್ಕೆ ಜರಿ, ಬಟ್ಟೆ, ಮಣಿ ಅಂಟಿಸಿ ದೇವರನ್ನು ಸಿಂಗರಿಸುವುದು ಆಗಿನ ರೂಢಿ. ಒಂದೇ ಥರದ ಸಾವಿರಾರು ಹಾಳೆಯಲ್ಲಿ ಅದೊಂದು ನಿಮ್ಮ ಮನೆಯದಾಗಿದ್ದು ಆ ಕೈಗಳಿಂದಲೇ ಅಲ್ವಾ?

ಇನ್ನೊಂದು, ಕೊಡೆ ಹಿಡಿದವರು ಯಾರು ನೋಡಿ. ವಾಲ್ಮೀಕಿ ರಾಮಾಯಣದಲ್ಲಿ ಬೆಳ್ಗೊಡೆ ಹಿಡಿಯುವುದು ಶತ್ರುಘ್ನ, ಚಾಮರ ಬೀಸುವುದು ಸುಗ್ರೀವ ಮತ್ತು ವಿಭೀಷಣ. ಎಷ್ಟೋ ಪಟಗಳಲ್ಲಿ ಈ ಕೆಲಸವೆಲ್ಲ ತಮ್ಮಂದಿರದೇ. ಇದರಿಂದ ಪಟದ ವಯಸ್ಸು ಗೊತ್ತಾಗೋದಿಲ್ಲ, ಆದರೆ ಚಿತ್ರ ಬರೆದವರ ಮನಸ್ಸಿನಲ್ಲಿ ಯಾವ ಪಟ್ಟಾಭಿಷೇಕ ಇತ್ತು ಅಂತ ಕಾಣುತ್ತದೆ.

ಕರಾವಳಿ ಅಣ್ಣ:
ತಂಗೀ, ಅವಸರದಲ್ಲಿ ಗಾಜು ತೆಗೆಸಬೇಡಿ. ಮಳೆಗಾಲದ ತೇವಕ್ಕೆ ಕಾಗದ ಗಾಜಿಗೆ ಅಂಟಿಕೊಂಡಿರುತ್ತದೆ. ನಮ್ಮ ತಂದೆಯವರ ಪಟವನ್ನು ಫ್ರೇಮ್ ಅಂಗಡಿಯಲ್ಲಿ ಎಳೆದುಬಿಟ್ಟರು, ಹನುಮಂತನ ಮುಖ ಗಾಜಿನಲ್ಲೇ ಉಳಿಯಿತು. ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಅಂಟಿದೆ ಅನಿಸಿದರೆ ಹಾಗೇ ಬಿಟ್ಟು, ಕಾಗದದ ಸಂರಕ್ಷಣೆ ಗೊತ್ತಿರುವವರಿಗೇ ಕೊಡಿ. ಅಂಟಿಲ್ಲದಿದ್ದರೆ ಹಿಂದಿನ ಹಳೇ ರಟ್ಟು ಬದಲಿಸಿ, ಆಸಿಡ್ ಇಲ್ಲದ ರಟ್ಟು ಹಾಕಿಸಿ, ಗಾಜಿಗೂ ಪಟಕ್ಕೂ ನಡುವೆ ಸ್ವಲ್ಪ ಜಾಗ ಬಿಡಿಸಿ. ಸೆಲೋಟೇಪ್ ಬೇಡವೇ ಬೇಡ. ಬಿಸಿಲು ಬೀಳುವ ಗೋಡೆಯೂ ಬೇಡ.

ಮಲ್ನಾಡ್ ಹುಡುಗಿ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಈಗಷ್ಟೇ ಭೂತಗನ್ನಡಿ ಹಿಡಿದು ನೋಡಿದೆ, ಚುಕ್ಕೆಗಳು ಚೆದುರಿವೆ, ಸಾಲಿಲ್ಲ! ಕೊಡೆ ಲಕ್ಷ್ಮಣನ ಕೈಯಲ್ಲಿದೆ. ಒಂದು ಮೂಲೆ ಗಾಜಿಗೆ ಅಂಟಿದ ಹಾಗಿದೆ, ಅದಕ್ಕೇ ಚೌಕಟ್ಟು ಬಿಚ್ಚಿಸುತ್ತಿಲ್ಲ. ಚಮಕಿ ಅಂಟಿಸಿದ್ದು ಅಜ್ಜಿಯ ಅತ್ತೆಯಂತೆ, ಫೋನ್ ಮಾಡಿ ಕೇಳಿದೆ.