ಕನ್ಸರ್ವೆನ್ಸಿ ವಿಷಯಕ್ಕೆ ನನ್ನ ಉತ್ತರ, ಸ್ವಲ್ಪ ಉದ್ದ ಇದೆ

ಎಲ್ಲರಿಗೂ ನಮಸ್ಕಾರ. ನಿನ್ನೆ ರಾತ್ರಿ ಎರಡನೇ ಕ್ರಾಸಿನ ನಮ್ಮ ಹುಡುಗ ಗ್ರೂಪಿನಲ್ಲಿ ಕೇಳಿದ್ದ, "ಮೇಡಂ ಈಗ ಕಾರ್ಪೊರೇಟರ್ ಅಲ್ಲವಲ್ಲ, ಭಾನುವಾರದ ಮೀಟಿಂಗಿಗೆ ಅವರನ್ನು ಯಾಕೆ ಕರೆಯಬೇಕು? ಆ್ಯಪ್‌ನಲ್ಲಿ ದೂರು ಹಾಕಿದರೆ ಸಾಕಲ್ವಾ?" ಅಂತ. ಕೇಳಬೇಕಾದ ಪ್ರಶ್ನೆಯೇ ಕಣಪ್ಪ. ಆದರೆ ಮೇಡಂ ಬಂದು ಕೆಲಸ ಮಾಡಿಸಿದ ದಿನ ನೀನು ಡ್ಯೂಟಿಯಲ್ಲಿದ್ದೆ, ನಾನು ಕನ್ಸರ್ವೆನ್ಸಿಯಲ್ಲೇ, ಅಂದರೆ ಮನೆಗಳ ಹಿಂದಿನ ಓಣಿಯಲ್ಲೇ, ನಿಂತಿದ್ದೆ. ನೋಡಿದ್ದನ್ನು ಹೇಳುತ್ತೇನೆ.

ಓಣಿಯಲ್ಲಿ ಕೊಳಚೆ ಕಟ್ಟಿಕೊಂಡಿದೆ ಅಂತ ಆ್ಯಪ್‌ನಲ್ಲಿ ದೂರು ಹಾಕಿದ್ದೆವಲ್ಲ, ಏನಾಯಿತು? ಕಸದವರು ಬಂದು "ಇದು ಕಟ್ಟಡದ ಡೆಬ್ರಿಸ್, ನಾವು ಎತ್ತಲ್ಲ" ಅಂದರು. ಯುಜಿಡಿಯವರು, ಅಂದರೆ ಒಳಚರಂಡಿಯವರು, ಬಂದು "ಚರಂಡಿ ಚೇಂಬರ್ರೇ ಕಾಣುತ್ತಿಲ್ಲ, ಮೊದಲು ಡೆಬ್ರಿಸ್ ತೆಗೆಸಿ" ಅಂದರು. ದೂರು ಮಾತ್ರ "ಪರಿಹರಿಸಲಾಗಿದೆ" ಅಂತ ಮುಚ್ಚಿಹೋಯಿತು. ಮೂಲೆಮನೆ ಅಜ್ಜಿಯ ಬಚ್ಚಲಲ್ಲಿ ಕೊಳಚೆ ಉಕ್ಕುತ್ತಲೇ ಇತ್ತು. ಪಾಪ, ಅಡುಗೆಮನೆಗೆ ಬರದಿರಲಿ ಅಂತ ಬಾಗಿಲ ಸಂದಿಗೆ ಗೋಣಿಚೀಲ ತುರುಕಿಟ್ಟಿದ್ದರು.

ಮೇಡಂ ಆವತ್ತು ಹೆಲ್ತ್ ಇನ್‌ಸ್ಪೆಕ್ಟರ್, ಜೂನಿಯರ್ ಎಂಜಿನಿಯರ್, ಯುಜಿಡಿಯವರು ಎಲ್ಲರನ್ನೂ ಒಂದೇ ಹೊತ್ತಿಗೆ, ಒಂದೇ ಜಾಗಕ್ಕೆ ಕರೆಸಿದರು. ಅಷ್ಟೇ ಮಾಡಿದ್ದು. ಆದರೆ ನಮ್ಮ ಕೈಲಿ ಅದು ಆಗಿರಲಿಲ್ಲ. ಯಾವ ಕೆಲಸ ಯಾರದ್ದು, ಯಾರಿಗೆ ಹೇಳಿದರೆ ನಡೆಯುತ್ತದೆ, ಎಲ್ಲಾ ಅವರಿಗೆ ಬಾಯಿಪಾಠ. ಹಾರೆ ಹಾಕಿಸಿದಾಗ ಟೈಲ್ಸ್ ಚೂರು, ಗಟ್ಟಿಯಾದ ಸಿಮೆಂಟ್ ಚೀಲಗಳ ಕೆಳಗೆ ಚೇಂಬರ್ ಮುಚ್ಚಳ ಸಿಕ್ಕಿತು. ನೀರು ರಭಸವಾಗಿ ಬಿಟ್ಟು ಚರಂಡಿ ಬಿಡಿಸುವ ಜೆಟ್ಟಿಂಗ್ ಮಷೀನಿಗೆ ಕಾರೊಂದು ಅಡ್ಡ ನಿಂತಿತ್ತು. ಮೇಡಂ ತಾವೇ ಹೋಗಿ ಬೆಲ್ ಒತ್ತಿ ತೆಗೆಸಿದರು.

ಮಷೀನ್ ಬರೋದು ತಡವಾದಾಗ ನಮ್ಮವರೇ ಒಬ್ಬರು, "ಯಾರಿಗಾದರೂ ದುಡ್ಡು ಕೊಟ್ಟು ಒಳಗೆ ಇಳಿಸೋಣ" ಅಂದರು. ಮೇಡಂ ಸುತರಾಂ ಒಪ್ಪಲಿಲ್ಲ. ರಕ್ಷಣೆಯಿಲ್ಲದೆ ಮ್ಯಾನ್‌ಹೋಲಿಗೆ ಜನರನ್ನು ಇಳಿಸುವುದು ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆ ಪ್ರಕಾರ ಅಪರಾಧ, ಇಳಿಸಿದವರಿಗೆ ಜೈಲು ಅಂತ ಅಲ್ಲೇ ಹೇಳಿದರು. ನನಗೆ ಅವರ ಮೇಲೆ ಗೌರವ ಜಾಸ್ತಿಯಾಗಿದ್ದು ಆಗಲೇ. ಈ ಕನ್ಸರ್ವೆನ್ಸಿಗಳು ಯಾಕಿವೆ ಹೇಳಿ? ಪ್ಲೇಗ್ ಬಂದು ಹೋದ ಮೇಲೆ, 1903ರಲ್ಲಿ ನಮ್ಮ ಮೈಸೂರಿನಲ್ಲಿ ಊರು ಸುಧಾರಿಸೋಕೆ ಅಂತ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಆಯಿತು. ಚಾಮರಾಜಪುರಂ, ಲಕ್ಷ್ಮೀಪುರಂ, ಕೃಷ್ಣಮೂರ್ತಿಪುರಂ ಕಡೆ ಮನೆಗಳ ಹಿಂದೆ ಇವತ್ತಿಗೂ ಈ ಓಣಿಗಳಿವೆ. ಆಗ ಮಲ ಹೊರುವವರು ಬರುತ್ತಿದ್ದ ದಾರಿ ಇದು. ಮನುಷ್ಯರ ತಲೆ ಮೇಲೆ ಅದನ್ನು ಹೊರಿಸಿದ ದಾರಿಯಲ್ಲೇ ಮತ್ತೆ ಮನುಷ್ಯರನ್ನು ಗುಂಡಿಗಿಳಿಸಬೇಕಾ?

ಈಗ "ಅವರು ಕಾರ್ಪೊರೇಟರ್ ಅಲ್ಲ" ಅನ್ನೋ ಮಾತು. ನಿಜ. 2023ರ ನವೆಂಬರಿಗೆ ಪಾಲಿಕೆ ಸದಸ್ಯರ ಅವಧಿ ಮುಗಿಯಿತು, ಆಮೇಲೆ ಆಡಳಿತಾಧಿಕಾರಿ ಬಂದರು. 65 ವಾರ್ಡಿನ ಬಚ್ಚಲು, ಬೀದಿದೀಪ ಎಲ್ಲಾ ಒಬ್ಬ ಅಧಿಕಾರಿ ನೋಡೋಕಾಗುತ್ತಾ? ಅಧಿಕಾರ ಇಲ್ಲದಿದ್ದರೂ ಮೇಡಂ ಫೋನ್ ತೆಗೆಯುತ್ತಾರೆ, ಬರುತ್ತಾರೆ. ಮುಂದೆ ಓಟಿಗೆ ನಿಲ್ಲೋಕೆ ಅಂತ ಕೆಲವರು ಅನ್ನುತ್ತಾರೆ. ನಿಲ್ಲಲಿ ಬಿಡಿ, ಕೆಲಸ ಮಾಡಿದವರೇ ನಿಲ್ಲಬೇಕು.

ಹಾಗಂತ ಎಲ್ಲಾ ಅವರೊಬ್ಬರ ಮೇಲೆ ಹೊರಿಸೋದೂ ಸರಿಯಲ್ಲ. ಪಾಲಿಕೆಗೆ ಚುನಾವಣೆ ನಡೆಸಿ, ವಾರ್ಡ್ ಸಮಿತಿ ಮಾಡಿ ಅಂತ ನಾವು ಸಹಿ ಹಾಕಿ ಕೊಡೋಣ. ವಾರ್ಡ್ ಸಮಿತಿ ಕಾನೂನಿನಲ್ಲೇ ಇದೆ. ಕಾರ್ಪೊರೇಟರ್ ಅಧ್ಯಕ್ಷರು, ನಮ್ಮಂಥ ನಿವಾಸಿಗಳು ಸದಸ್ಯರು. ಅರ್ಜಿ ಬರೆದಿಟ್ಟಿದ್ದೇನೆ, ಮೀಟಿಂಗಿಗೆ ತರುತ್ತೇನೆ.

ಭಾನುವಾರ ಬೆಳಗ್ಗೆ ಎಂಟಕ್ಕೆ ಕನ್ಸರ್ವೆನ್ಸಿ ಬಾಯಲ್ಲೇ ಸೇರೋಣ. ಎರಡು ಕಡೆ ಲೈಟ್ ಬೇಕೇ ಬೇಕು. ಪೂರ್ತಿ ಕಾಂಕ್ರೀಟ್ ಮಾತ್ರ ಬೇಡ ಅಂತ ನನ್ನ ಅಭಿಪ್ರಾಯ, ಮಳೆನೀರು ಇಂಗೋಕೆ ಅಂಚಿನಲ್ಲಿ ಮಣ್ಣು ಬಿಡಿ, ಗಿಡ ನೆಡಬಹುದು. ಮಿಕ್ಕ ಡೆಬ್ರಿಸ್‌ಗೆ ಟ್ರ್ಯಾಕ್ಟರ್ ಬರುತ್ತದೆ, ಶನಿವಾರ ರಾತ್ರಿಯೇ ಕಾರು, ಸ್ಕೂಟರ್ ತೆಗೆದಿಡಿ. ಡೆಬ್ರಿಸ್ ಸುರಿಸಿದ ಮನೆಯವರೇ ಟ್ರ್ಯಾಕ್ಟರ್ ಬಾಡಿಗೆ ಕೊಡುತ್ತೇವೆ ಅಂದಿದ್ದಾರೆ. ದಯವಿಟ್ಟು ಗ್ರೂಪಿನಲ್ಲಿ ಯಾರೂ ಅವರನ್ನು ಕೆಣಕಬೇಡಿ.