ಸಹಾಯ ಬೇಕು: ಸ್ಪ್ರಿಂಗ್ ಬೋಲ್ಟ್ ಮುರಿದು ಬುಷ್ ಒಳಗೇ ಸಿಕ್ಕಿಕೊಂಡಿದೆ
ಹಳೇ ಲಾರಿಯ ಹಿಂದಿನ ಲೀಫ್ ಸ್ಪ್ರಿಂಗ್ ಬಿಚ್ಚುತ್ತಿದ್ದೇನೆ. ಮುಂದಿನ ತುದಿಯ ಬೋಲ್ಟಿನ ನಟ್ ಸಲೀಸಾಗಿ ಬಂತು, ತಲೆ ಮಾತ್ರ ಪಟ್ ಅಂತ ಮುರಿಯಿತು. ಉಳಿದ ತುಂಡು ಬುಷ್ (ಸ್ಪ್ರಿಂಗ್ ತುದಿಯ ತೂತಿನಲ್ಲಿ ಕೂರುವ ರಬ್ಬರ್ ಭಾಗ) ಒಳಗಿನ ಕಬ್ಬಿಣದ ಕೊಳವೆಗೆ ತುಕ್ಕು ಹಿಡಿದು ಅಂಟಿಕೊಂಡಿದೆ. ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಟ್ಟೆ. ಸುತ್ತಿಗೆಯಲ್ಲಿ ಹೊಡೆದರೆ ರಬ್ಬರ್ ಏಟನ್ನೆಲ್ಲ ನುಂಗಿಬಿಡುತ್ತದೆ, ಬೋಲ್ಟ್ ಕದಲುವುದೇ ಇಲ್ಲ. ಗ್ಯಾಸ್ ಬೆಂಕಿ ಕೊಡೋಣ ಅಂದ್ರೆ ಡೀಸೆಲ್ ಟ್ಯಾಂಕ್ ಪಕ್ಕದಲ್ಲೇ ಇದೆ. ಸ್ಪ್ರಿಂಗ್ ಪಟ್ಟಿಗೆ ಬಿಸಿ ಜಾಸ್ತಿಯಾದರೆ ಅದರ ಗಟ್ಟಿತನವೂ ಹೋಗುತ್ತೆ ಅಲ್ವಾ.

ಚಾಸಿಗೆ ಸ್ಟ್ಯಾಂಡ್ ಕೊಟ್ಟಿದ್ದೇನೆ. ಬುಷ್ ಹೇಗೂ ಹೊಸದು ಹಾಕುತ್ತೇನೆ. ಸ್ಪ್ರಿಂಗನ್ನು ಚಾಸಿಗೆ ಹಿಡಿಸುವ ಬ್ರಾಕೆಟ್ಟಿಗೂ ಬುಷ್ಷಿಗೂ ನಡುವಿನ ಸಣ್ಣ ಸಂದಿಯಲ್ಲಿ ಎರಡೂ ಕಡೆ ಬೋಲ್ಟ್ ಕತ್ತರಿಸುವ ಯೋಚನೆಯಿದೆ. ಬ್ರಾಕೆಟ್ಟಿಗೆ ಗಾಯವಾಗದಂತೆ ಇದನ್ನು ಮಾಡಲು ತೆಳು ಡಿಸ್ಕಿನ ಗ್ರೈಂಡರ್ ಸರೀನಾ, ಹ್ಯಾಕ್ಸಾ ಬ್ಲೇಡಾ? ಮುರಿದ ತಲೆಯ ಮೇಲೆ 10.9 (ಬೋಲ್ಟಿನ ಬಲದ ದರ್ಜೆ) ಅಂತಿದೆ, ಹೊಸದೂ ಅದೇ ದರ್ಜೆಯದ್ದೇ ತರುತ್ತೇನೆ. ಈ ಕೆಲಸ ಮಾಡಿದವರು ದಯವಿಟ್ಟು ತಿಳಿಸಿ.